ಹುಟ್ಟದ ಕೂಸಿಗೆ ಕಟ್ಟಿದ ಲಿಂಗ

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಅಫಜಲಪುರದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಮಂಗಳೂರು ಕಡೆಯವಳು, ಕೊಂಕಣಿ ಮನೆಮಾತು. ಇಡೀ ಊರಿನಲ್ಲಿ ಕಥೋಲಿಕಳೆಂದರೆ ನಾನೊಬ್ಬಳೇ. ತಿಂಗಳಿಗೊಮ್ಮೆ ಬಸ್ಸು ಹಿಡಿದು ಗುಲಬರ್ಗಾದ ಇಗರ್ಜಿಗೆ ಹೋಗುತ್ತಿದ್ದೆ. ಉಳಿದ ಭಾನುವಾರಗಳಲ್ಲಿ ಕೋಣೆಯ ಗೋಡೆಗೆ ಮುಖಮಾಡಿ ಪ್ರಾರ್ಥನೆ. ಆ ಊರಿನಲ್ಲಿ ನನ್ನ ಭಾಷೆ ನನ್ನ ಬಾಯಿಂದ ಬರುತ್ತಿದ್ದದ್ದು ಆಗ ಮಾತ್ರ.

ನಾನು ಬಾಡಿಗೆಗಿದ್ದ ಮನೆಯ ಒಡತಿ ಲಿಂಗಾಯತರ ಹೆಂಗಸು, ಮಣ್ಣೂರಿನ ಮಗಳು. ಸಂಜೆ ಪಡಸಾಲೆಗೆ ಕರೆದು ಬಿಸಿ ರೊಟ್ಟಿ ಹಾಕುವಳು. ನನ್ನ ಕನ್ನಡ ಕೇಳಿದರೆ ಅವಳಿಗೆ ನಗು. "ನೀ ಮಾತಾಡಿದ್ರ ರೇಡಿಯೋ ಹಚ್ಚಿದಂಗ ಆಗ್ತದ ನೋಡು, ನರ್ಸಬಾಯಿ" ಎನ್ನುವಳು. ಆ ಮನೆಯಲ್ಲಿ ಮೀನಿನ ಹೆಸರೆತ್ತುವಂತಿರಲಿಲ್ಲ. ನನಗೆ ಮೀನು ಕನಸಿನಲ್ಲಿ ಬರುತ್ತಿತ್ತು. ಆದರೂ ಆ ರೊಟ್ಟಿ, ಆ ಕೀಟಲೆ ಇಲ್ಲದಿದ್ದರೆ ನಾನು ಎಂದೋ ಗಂಟುಮೂಟೆ ಕಟ್ಟುತ್ತಿದ್ದೆ.

ಒಂದು ಭಾನುವಾರ ಇಗರ್ಜಿಯಲ್ಲಿ ಫಾದರ್ ಹೇಳಿದರು: ಗರ್ಭಪಾತಕ್ಕೆ ಒಪ್ಪಿಗೆ ಕೊಡುವ ಮಸೂದೆ ದಿಲ್ಲಿಯಲ್ಲಿ ಬರುತ್ತಿದೆ, ನಾವು ಅದನ್ನು ವಿರೋಧಿಸಬೇಕು, ನೆರೆಹೊರೆಯವರ ಸಹಿಯನ್ನೂ ತನ್ನಿ. ನಾನು ಮನಸಾರೆ ಒಪ್ಪಿ ಸಹಿ ಹಾಕಿಸುವ ಹಾಳೆ ತಂದೆ. ಆಸ್ಪತ್ರೆಯಲ್ಲಿ ಅದನ್ನು ಕಂಡು ಒಬ್ಬರು ನಕ್ಕರು, ಇನ್ನೊಬ್ಬರು ಹೆಚ್ಚು ಹೆತ್ತವರ ಪಾಡು ಹೇಳಿ ಜಗಳಕ್ಕೇ ಬಂದರು. ನನಗೆ ಸಿಟ್ಟು ಬಂತು. ನೂರು ಸಹಿ ಬೇಡ, ನಿನ್ನ ಮಾತು ಸರಿ ಎನ್ನುವ ಒಂದೇ ಒಂದು ಜೀವ ಆ ಊರಿನಲ್ಲಿ ನನಗೆ ಬೇಕಾಗಿತ್ತು.

ಅದೇ ವಾರ ಒಡತಿಯ ಸೊಸೆಗೆ ಎಂಟು ತಿಂಗಳು ತುಂಬಿತು. ಸ್ವಾಮಿಗಳು ಬಂದು, ಹೊಟ್ಟೆಯೊಳಗಿನ ಕೂಸಿಗೆಂದು ಸೊಸೆಯ ಮೈಮೇಲೆ ಪುಟ್ಟ ಲಿಂಗ ಕಟ್ಟಿದರು. ಹುಟ್ಟಿದ ಮೇಲೆ ಅದು ಕೂಸಿನದೇ. ಬಾಗಿಲ ಬಳಿ ಕೂತಿದ್ದ ನನ್ನ ಕಣ್ಣು ತುಂಬಿತು. ಹುಟ್ಟದ ಕೂಸಿಗೂ ದೇವರುಂಟು ಎಂದು ಇವರೂ ನಂಬುತ್ತಾರಲ್ಲ! ನಾನು ಒಂಟಿಯಲ್ಲ ಎಂದು ಅಲ್ಲಿ ಮೊದಲ ಬಾರಿ ಅನ್ನಿಸಿತು.

ಮರುದಿನವೇ ಹಾಳೆ ಹಿಡಿದು ಹೋದೆ. ಒಡತಿ ಪೂರ್ತಿ ಓದಿಸಿಕೊಂಡಳು.

"ಕೂಸಿನ ಮಾತ ಖರೇ ಅದ. ಆದ್ರ ನಾ ಸಹಿ ಮಾಡಂಗಿಲ್ಲ, ಯವ್ವಾ" ಎಂದಳು.

"ಯಾಕ್ರಿ ಅವ್ವಾರೆ? ನಿನ್ನೆ ನೀವೇ ಲಿಂಗ ಕಟ್ಟಿಸಿದಿರಲ್ಲ?"

"ನನಗೊಬ್ಬಾಕಿ ತಂಗಿ ಇದ್ದಳು. ಗಂಡ ಸತ್ತ ಮ್ಯಾಲ ಬಸರಾದ್ಲು. ದವಾಖಾನ್ಯಾಗ ಬಸರ ತೆಗಿಯಾಕ ಕಾಯದಾ ಇಲ್ಲ ಅಂದು ಹೊರಗ ಕಳಿಸಿದ್ರು. ಮನ್ಯಾಗ ಯಾರನ್ನೋ ಕರೆಸಿ ಔಷಧ ಕುಡಿಸಿದ್ರು. ಬದುಕಲಿಲ್ಲ. ಆಕಿ ಕೈಯಾಗ ಆಕಿ ಲಿಂಗ ಇಟ್ಟು ಮಣ್ಣ ಮಾಡಿದ್ವಿ. ಒಳಗಿನ ಕೂಸಿಗೆ ಲಿಂಗ ಇರಲಿಲ್ಲ. ಇಬ್ಬರಿಗೂ ಅದೊಂದ ಆತು." ಹಾಳೆಯನ್ನು ನನ್ನ ಕಡೆ ಸರಿಸಿದಳು. "ಇದ್ರಾಗ ಕೂಸು ಅದ. ನನ್ನ ತಂಗಿ ಎಲ್ಲದಾಳ, ಹೇಳು?"

ನಾನು ಹಾಳೆಯನ್ನು ಮಡಚಿಕೊಂಡೆ. ಕೂಸಿನ ವಿಷಯದಲ್ಲಿ ನನ್ನ ನಂಬಿಕೆ ಇವತ್ತಿಗೂ ಅದೇ. ಆಕೆಯ ಪ್ರಶ್ನೆಗೆ ಉತ್ತರ ಇವತ್ತಿಗೂ ಸಿಕ್ಕಿಲ್ಲ.

ಮುಂದಿನ ಬಾರಿ ಇಗರ್ಜಿಗೆ ಹೋದಾಗ ಹಾಳೆಯ ಮೇಲೆ ಇದ್ದದ್ದು ನನ್ನ ಸಹಿಯೊಂದೇ. ಫಾದರ್ ಬೇಸರಪಟ್ಟುಕೊಂಡರು. ಸತ್ತವರಿಬ್ಬರಿಗಾಗಿ ಪೂಜೆಯಲ್ಲಿ ಪ್ರಾರ್ಥಿಸಬೇಕು ಎಂದೆ. "ಹೆಸರು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಕೂಸಿಗಂತೂ ಹೆಸರೇ ಇರಲಿಲ್ಲ. ಸುತ್ತ ನನ್ನ ಜನ, ನನ್ನ ಭಾಷೆ. ಆದರೂ ಅಲ್ಲಿ ಯಾರಿಗೂ ಇದನ್ನು ಬಿಡಿಸಿ ಹೇಳಲಾಗಲಿಲ್ಲ.

ಸಂಜೆ ಬಸ್ಸಿಳಿದು ಬಂದವಳೇ ಒಡತಿಯನ್ನು ತಂಗಿಯ ಹೆಸರು ಕೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು.

"ಆ ಹೆಸರು ಈ ಮನ್ಯಾಗ ಯಾರೂ ತೆಗಿಯಂಗಿಲ್ಲ. ಯಾಕ ಬೇಕು ನಿನಗ?"

"ಪ್ರಾರ್ಥನೆಗೆ."

ಕೈಯ ಹಿಟ್ಟು ಒರೆಸಿಕೊಂಡು ಮೆಲ್ಲಗೆ ಹೇಳಿದಳು. ಹೇಳಿ ಅತ್ತಳು. ಎಲ್ಲೂ ಬರೆಯಬೇಡ ಎಂದಳು.

ಒಡತಿ ತೀರಿಕೊಂಡು ಬಹಳ ಕಾಲವಾಯಿತು. ಆ ಹೆಸರು ಹಿಡಿದು ಪ್ರಾರ್ಥಿಸುವವಳು ಈಗ ನಾನೊಬ್ಬಳೇ. ಇಲ್ಲಿಯೂ ಬರೆದಿಲ್ಲ.