ಹಸಿರು ಕನ್ನಡಕದಲ್ಲಿ ಕಂಡ ನೀಲಿ

ಮೇಜಿನ ಮೇಲೆ ಎರಡು ಲೇಸರ್‌ಗಳಿದ್ದವು. ಒಂದು ಹೆಬ್ಬೆರಳಿನಷ್ಟು ಗಾತ್ರದ, ಕಡಿಮೆ ಶಕ್ತಿಯ ನೇರಳೆ. ಇನ್ನೊಂದು ಬೆನ್ನಿಗೆ ಪುಟ್ಟ ಫ್ಯಾನ್ ಕಟ್ಟಿಕೊಂಡ ಐದು ವ್ಯಾಟಿನ ನೀಲಿ. ಬೇಡವಾದದ್ದನ್ನು ಸೋಮವಾರದೊಳಗೆ ವಾಪಸ್ ತನ್ನಿ ಎಂದು ಅಂಗಡಿಯವರು ಹೇಳಿದ್ದರು.

ಶೆಟ್ಟಿಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡುವ ಯಂತ್ರವನ್ನು ನಾನೇ ಕಟ್ಟುತ್ತಿದ್ದೆ. ಹಳೆಯ ಡಿವಿಡಿ ಡ್ರೈವ್‌ಗಳ ಮೋಟರು, ಒಂದಿಷ್ಟು ಪ್ಲೈವುಡ್. ಉಳಿದಿದ್ದು ಲೇಸರ್ ಆರಿಸುವುದಷ್ಟೇ. ನೇರಳೆಯಾದರೆ ತಾಮ್ರದ ಹಾಳೆಯ ಮೇಲೆ, ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ಫಿಲ್ಮನ್ನು ಗುಳ್ಳೆ ಬರದಂತೆ ಅಂಟಿಸಬೇಕು, ಆಮೇಲೆ ಬಟ್ಟೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆಯಬೇಕು. ನೀಲಿಗೆ ಆ ರಗಳೆಯಿಲ್ಲ. ತಾಮ್ರಕ್ಕೆ ಕಪ್ಪು ಬಣ್ಣ ಹೊಡೆದರೆ ಸಾಕು, ಬೇಡದ ಕಡೆ ಅದೇ ಸುಟ್ಟು ತೆಗೆಯುತ್ತದೆ. ನನ್ನ ಮನಸ್ಸು ನೀಲಿಯ ಕಡೆಗೇ ಇತ್ತು. ಅದರ ಜೊತೆ ಎರಡು ಹಸಿರು ಕನ್ನಡಕಗಳೂ ಬಿಟ್ಟಿಯಾಗಿ ಬಂದಿದ್ದವು.

ಭಾನುವಾರ ಬೆಳಿಗ್ಗೆ ಅದರಲ್ಲೊಂದು ಕನ್ನಡಕ ಹಾಕಿಕೊಂಡು ನೀಲಿಯ ಪರೀಕ್ಷೆಗೆ ಕೂತೆ. ಸದ್ದು ಕೇಳಿ ಅಮ್ಮ ಬಂದಳು. ಊದುಬತ್ತಿ ಹೊಸೆದು ನನ್ನನ್ನು ಇಂಜಿನಿಯರಿಂಗ್ ಓದಿಸಿದವಳು. ನಮ್ಮ ವಂಶದಲ್ಲಿ ಡಿಗ್ರಿ ಪಡೆದವನು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

"ಏನ್ಲಾ ಅದು, ಗುಯ್ ಅಂತೈತೆ? ನಾನೂ ನೋಡ್ಬೋದಾ?"

"ಬಾಮ್ಮ, ಈ ಕನ್ನಡಕ ಹಾಕ್ಕೋ. ಏನೂ ಆಗಲ್ಲ."

ಹಾಕಿಕೊಂಡು ಬೀರುವಿನ ಕನ್ನಡಿ ನೋಡಿಕೊಂಡಳು. "ಸಿನಿಮಾದೋಳು ಆಗ್ಬುಟ್ನಲ್ಲೋ!"

ಲೇಸರ್ ಮತ್ತೆ ಓಡತೊಡಗಿತು. ಕಪ್ಪು ಬಣ್ಣ ಹೊಗೆಯಾಗಿ ಎದ್ದಂತೆ ಅಡಿಯ ತಾಮ್ರ ಫಳಫಳ ಹೊಳೆಯಿತು. ಸೀಗೆಕಾಯಿಯಿಂದ ಉಜ್ಜಿದ ಚೊಂಬಿನ ಹೊಳಪು. ಚಾವಣಿಯಲ್ಲಿ ನೀಲಿ ಚೂರುಗಳು ಓಡಾಡಿದವು. ಅಮ್ಮ ಇನ್ನೂ ಹತ್ತಿರಕ್ಕೆ ಬಗ್ಗಿದಳು.

"ಅಬ್ಬಾ, ಎಂಥಾ ನೀಲಿ ಕಣೋ! ನವಿಲಿನ ಕುತ್ತಿಗೆ ಇದ್ದಂಗೈತೆ."

ಲೇಸರಿಗೆ ಸರಿಯಾದ ಕನ್ನಡಕ ಹಾಕಿದರೆ ಆ ಲೇಸರಿನ ಬಣ್ಣವೇ ಕಾಣಬಾರದು, ಕಂಡರೂ ಮಸುಕಾಗಿರಬೇಕು. ಇದನ್ನು ನಾನು ಓದಿದ್ದೆ. ಓದಿದ್ದೂ, ಅರ್ಧ ಗಂಟೆಯಿಂದ ಅದೇ ನೀಲಿಯನ್ನು ನಾನೂ ನೋಡುತ್ತ ಕೂತಿದ್ದೆ.

ಸ್ವಿಚ್ ಆರಿಸಿ ಅಮ್ಮನನ್ನು ಆಚೆ ಕಳಿಸಿದೆ. ಒಂದು ಕನ್ನಡಕವನ್ನು ಲೇಸರಿನ ಕೆಳಗಿಟ್ಟು, ಅದರ ಗಾಜಿನಡಿ ಕಪ್ಪು ಕಾಗದ ಇಟ್ಟೆ. ಬಾಗಿಲಾಚೆ ನಿಂತು ಮುಖ ತಿರುಗಿಸಿಕೊಂಡು ಎರಡು ಸೆಕೆಂಡು ಹಚ್ಚಿದೆ. ಬಂದು ನೋಡಿದರೆ ಕಾಗದದಲ್ಲಿ ತೂತು.

ಅಮ್ಮನನ್ನು ಕೂರಿಸಿ, ಒಂದೊಂದೇ ಕಣ್ಣು ಮುಚ್ಚಿ ಎದುರುಮನೆಯ ಗೇಟಿನ ಸರಳು ಎಣಿಸಲು ಹೇಳಿದೆ. ಬಲಗಣ್ಣಿಗೆ ಹದಿನಾಲ್ಕು. ಎಡಗಣ್ಣಿಗೆ ಹನ್ನೊಂದಕ್ಕೇ ನಿಂತಳು. "ಮಬ್ಬು ಮಬ್ಬು."

"ಯಾವಾಗಿಂದಮ್ಮ?"

"ಯಾವನಿಗ್ಗೊತ್ತು? ಒಂದ್ ಕಣ್ಣು ಮುಚ್ಕೊಂಡು ನಾನ್ಯಾವತ್ ನೋಡಿದೀನಿ?"

ಮರುದಿನ ಬೆಳಿಗ್ಗೆ ಆಟೋದಲ್ಲಿ ಕಣ್ಣಿನ ಆಸ್ಪತ್ರೆಗೆ ಹೋದೆವು. ಇಬ್ಬರ ಕಣ್ಣಿಗೂ ಹನಿ ಬಿಟ್ಟು ಬೆಂಚಿನ ಮೇಲೆ ಕೂರಿಸಿದರು. ಅಮ್ಮ ಪಕ್ಕದ ಹೆಂಗಸಿಗೆ ಹೇಳುತ್ತಿದ್ದಳು: "ನನ್ ಮಗ ಇಂಜಿನಿಯರು ಕಣಮ್ಮ. ಮಿಷಿನ್ನು ಅವನೇ ಮಾಡಿರೋದು." ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಓದಿಸಿದವಳ ಕಣ್ಣನ್ನು ಓದಿದವನೇ ಕಳೆದನೇ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಡಾಕ್ಟರು ಅಮ್ಮನ ಎಡಗಣ್ಣನ್ನು ಬಹಳ ಹೊತ್ತು ನೋಡಿದರು. "ಪೊರೆ ಬರ್ತಿದೆ, ವಯಸ್ಸಿಂದು. ಒಳಗೆ ಸುಟ್ಟ ಗುರುತೇನೂ ಕಾಣ್ತಿಲ್ಲ. ನಿಮ್ದೂ ಸದ್ಯಕ್ಕೆ ಸರಿಯಿದೆ. ಒಂದು ತಿಂಗಳು ಬಿಟ್ಟು ಇಬ್ರೂ ಬನ್ನಿ." ಆ 'ಸದ್ಯಕ್ಕೆ' ಎಂಬ ಮಾತು ಎದೆಯಲ್ಲೇ ಉಳಿಯಿತು.

ಅವತ್ತು ಮಧ್ಯಾಹ್ನವೇ ನೀಲಿಯನ್ನು ವಾಪಸ್ ಕೊಟ್ಟೆ. ಕನ್ನಡಕಗಳನ್ನು ಕೊಡಲಿಲ್ಲ, ಇನ್ನೊಬ್ಬರ ಮೂಗಿನ ಮೇಲೆ ಕೂರಬಾರದೆಂದು ಮುರಿದು ಹಾಕಿದ್ದೆ. ನೇರಳೆಯನ್ನು ಯಂತ್ರಕ್ಕೆ ಸಿಕ್ಕಿಸಿದೆ. ಅದರ ಬೆಳಕು ಕಣ್ಣಿಗೆ ಮಂಕಾಗಿ ಕಾಣುತ್ತದೆ, ಆ ಮಂಕನ್ನೂ ನಂಬುವ ಹಾಗಿಲ್ಲ. ಇಡೀ ಯಂತ್ರವನ್ನು ತಗಡಿನ ಡಬ್ಬದೊಳಗೆ ಕೂರಿಸಿ, ಮುಚ್ಚಳ ತೆರೆದರೆ ಕರೆಂಟು ನಿಲ್ಲುವಂತೆ ಸ್ವಿಚ್ ಹಾಕಿದೆ.

ಅಮ್ಮ ಡಬ್ಬದ ಸುತ್ತ ಒಂದು ಸುತ್ತು ಬಂದಳು. "ಇದೇನೋ, ನೋಡಾಕೆ ಒಂದು ಕಿಂಡೀನೂ ಬಿಟ್ಟಿಲ್ವಲ್ಲ?"

"ಇಲ್ಲಮ್ಮ. ನಾನೂ ನೋಡಲ್ಲ."

ಯಂತ್ರ ಶುರುವಾಯಿತು. ಸದ್ದು ನಿಲ್ಲುವವರೆಗೂ ಮುಚ್ಚಳದ ಮೇಲೆ ಕೈ ಒತ್ತಿಕೊಂಡೇ ಕೂತಿದ್ದೆ.