ಹಾಲುಕ್ಕಿದ ಮನೆಗಳು

ಚಿಂತಾಮಣಿಯ ಕಡಲೆಕಾಯಿ ಮಂಡಿಯಲ್ಲಿ ಕಾಯಿ ಆರಿಸುತ್ತಿದ್ದ ಅಮ್ಮಾಜಮ್ಮ ಹಟ ಹಿಡಿದರೆ ಬಿಡುವ ಪೈಕಿಯಲ್ಲ. ಕೈವಾರದ ಕಡೆಯಿಂದ ಮದುವೆಯಾಗಿ ಬಂದವಳು, ಗಂಡ ಹೋದ ಮೇಲೂ ಕೂಲಿಯವರಿಗೆಂದು ಸರ್ಕಾರ ಕಟ್ಟಿಸಿದ್ದ ಲೈನು ಮನೆಯಲ್ಲೇ ಗಟ್ಟಿಯಾಗಿ ಕೂತಿದ್ದಳು. ಮಳೆ ಬಿದ್ದರೆ ಹಿಂದಿನ ಚರಂಡಿ ಉಕ್ಕಿ ಒಲೆಗೆ ನೀರು. ಚರಂಡಿಯ ಅಂಚು ಎತ್ತರಿಸಿ ಮೇಲೆ ಚಪ್ಪಡಿ ಹಾಕಿಸಿ ಎಂದು ಅವಳು ಕೇಳದ ದೊಡ್ಡ ಮನುಷ್ಯರಿಲ್ಲ. ಹೂಂ ಅಂದವರೆಲ್ಲ ಪಂಚೆ ಎತ್ತಿಕೊಂಡು ಹೋದರು.

ಅರವತ್ತನೇ ಇಸವಿಯ ಸುಮಾರಿಗೆ ಕಾಲೋನಿ ಸಮಿತಿ ಅಂತ ಒಂದು ಹುಟ್ಟಿಕೊಂಡಿತು. ಲೈನು ಕೆಡವಿ ಅಲ್ಲೇ ಹೆಂಚಿನ ಮನೆ ಕಟ್ಟುವುದು, ಕೂಲಿಯವರೂ ಮೇಷ್ಟ್ರು ಗುಮಾಸ್ತರೂ ಅಕ್ಕಪಕ್ಕ ಇರುವುದು ಎಂದರು. ಅಮ್ಮಾಜಮ್ಮ ನಂಬಿದಳು. ಲೈನಿನವರು ಬಯಲಿನ ಗುಡಿಸಲುಗಳಲ್ಲಿ ಕಾದರು. ಮನೆ ಎದ್ದು ನಿಂತಾಗ ಹಂಚಿಕೆ ಗೊತ್ತಾಯಿತು: ರಸ್ತೆಯ ಕಡೆಯ ಮುಂದಿನ ಸಾಲು ಸಂಬಳದವರಿಗೆ, ಚರಂಡಿ ಪಕ್ಕದ ಹಿಂದಿನ ಸಾಲು ಕೂಲಿಯವರಿಗೆ.

"ಅಕ್ಕಿ ಒಂದು ಮೊರ, ಕಲ್ಲು ಒಂದು ಮೊರ ಮಾಡವ್ರಲ್ಲೇ! ಇದಾ ಬೆರೆಸೋದು?" ಎಂದು ಅಮ್ಮಾಜಮ್ಮ ಉರಿದುಬಿದ್ದಳು.

ಸುಣ್ಣ ಆರಲೆಂದು ಬಾಗಿಲುಗಳು ತೆರೆದೇ ಇದ್ದವು. ಮಾರನೆಯ ಬೆಳಗ್ಗೆ ಲೈನಿನ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೊರಟಳು. ಮುಂದಿನ ಸಾಲಿನಲ್ಲಿ ಒಂದು ಮನೆ ಬಿಟ್ಟು ಒಂದು ಮನೆಗೆ ಒಬ್ಬೊಬ್ಬಳನ್ನು ಹೊಗಿಸಿ, ಇಟ್ಟಿಗೆಯ ಒಲೆ ಹೂಡಿಸಿ, ಹಾಲು ಉಕ್ಕಿಸಿಬಿಟ್ಟಳು. ಎಲ್ಲರ ಒಲೆಗೂ ಬೆಂಕಿ ಹಾಕಿಕೊಡುವ ಗಡಿಬಿಡಿಯಲ್ಲಿ ತನಗೊಂದು ಮನೆ ಹಿಡಿಯಲಿಲ್ಲ.

ಸಮಿತಿಯ ಅಧ್ಯಕ್ಷ ವೆಂಕಟರವಣಪ್ಪ ಓಡಿ ಬಂದ. "ಯಾರಮ್ಮಾ ನಿಮಗೆ ಅಪ್ಪಣೆ ಕೊಟ್ಟೋರು? ಆಚೆ ನಡೀರಿ!"

ಅವನ ಮಾತಿಗೆ ಅಡ್ಡ ಬಂದವರು ಸಂಬಳದವರೇ. ತಾಲ್ಲೂಕು ಕಚೇರಿ ಗುಮಾಸ್ತನ ತಾಯಿ ವರಲಕ್ಷ್ಮಮ್ಮ, "ಬೇರೆಯೋರು ಹಾಲುಕ್ಕಿಸಿದ ಮನೇಲಿ ನನ್ನ ಸೊಸೆ ದೀಪ ಹಚ್ಚಲ್ಲಪ್ಪ. ಬೇರೆ ಮನೆ ಕೊಡಿ" ಎಂದರು. ಮಿಕ್ಕವರೂ ತಲೆಯಾಡಿಸಿದರು. ಬೇರೆ ಮನೆ ಎಂದರೆ ಹಿಂದಿನ ಸಾಲೇ. ಅಧ್ಯಕ್ಷ ಹಲ್ಲು ಕಡಿದು ಒಪ್ಪಿದ. ಆದರೆ ಅಮ್ಮಾಜಮ್ಮನ ಮೇಲೆ ಸಿಟ್ಟು ತೀರಿಸಿಕೊಳ್ಳದೆ ಬಿಡಲಿಲ್ಲ. "ನಿನಗೆ ಮಾತ್ರ ಚರಂಡಿ ಪಕ್ಕದ ಕೊನೇ ಮನೆ ಕಣಮ್ಮಾ."

ಹೆಂಗಸರು ನಾವೂ ಮನೆ ಬಿಡ್ತೀವಿ ಎಂದು ಎದ್ದರು. "ಹಾಲುಕ್ಕಿಸಿದ ಮನೆ ಬಿಟ್ಟು ಬಂದ್ರೆ ನಿಮ್ಮ ಹೊಸ್ತಿಲು ತುಳಿಯಲ್ಲ, ಹುಷಾರ್!" ಎಂದು ಗದರಿ ಅಮ್ಮಾಜಮ್ಮ ತನ್ನ ಮಡಕೆ ಕುಡಿಕೆ ಹೊತ್ತು ಹಿಂದಕ್ಕೆ ನಡೆದಳು. ಅಷ್ಟು ಗದರಿದವಳಿಗೂ ಕಣ್ಣು ತುಂಬಿತ್ತು.

ಪಕ್ಕದ ಮನೆ ವರಲಕ್ಷ್ಮಮ್ಮನವರಿಗೇ ಬಂದಿತ್ತು. ಮೊದಲ ಮಳೆಗೇ ಚರಂಡಿ ಇಬ್ಬರ ಅಡಿಗೆಮನೆಗೂ ನುಗ್ಗಿತು.

"ನಿನ್ನಿಂದ ನಮಗೀ ಗತಿ!" ಎಂದು ವರಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಕೂಗಿದರು.

"ಹೌದಮ್ಮಾ, ನನ್ನಿಂದಲೇ. ಬೈಯೋದು ಆಮೇಲೆ ಬೈಯಿರಿ, ಈಗ ಸಮಿತಿ ಹತ್ರ ಹೋಗಣ ಬನ್ನಿ. ನಾನು ಮಾತಾಡಲ್ಲ, ನೀವು ಮಾತಾಡಿ."

ವರಲಕ್ಷ್ಮಮ್ಮ ಗೊಣಗುತ್ತಲೇ ಬಂದು, ಒಂದೇ ಸಲ ಹೇಳಿದರು. ವಾರ ಕಳೆಯುವುದರೊಳಗೆ ಗಾಡಿಯಲ್ಲಿ ಚಪ್ಪಡಿ ಬಂದಿಳಿಯಿತು. ತಾನು ಇಷ್ಟು ವರ್ಷ ಬೇಡಿದ್ದು ಯಾರ ಕಿವಿಗೂ ಬಿದ್ದಿರಲಿಲ್ಲವಲ್ಲ ಎಂದು ಅಮ್ಮಾಜಮ್ಮನ ಹೊಟ್ಟೆ ಉರಿದುಹೋಯಿತು. ಆದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಲ್ಲು ಇಳಿಸುವವರ ಜೊತೆ ತಾನೂ ಕೈ ಹಾಕಿದಳು.