ಹೆಸರು ಹಿಡಿದು ನೀರು ಹೊಯ್ಯುವವಳು

ಎಳೆಗೂಸುಗಳಿಗೆ ನೀರು ಹೊಯ್ಯುವ ಇಡಗುಂದಿಯ ಗಂಗಕ್ಕ, ಹೆಸರಿಟ್ಟಾದ ಕೂಸನ್ನು ಹೆಸರು ಹಿಡಿದು ಕರೆಯದೆ ಮೀಸಿದವಳೇ ಅಲ್ಲ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಬಿಸಿನೀರಿನ ತಂಬಿಗೆ ಎತ್ತುವ ಮೊದಲು ಒಮ್ಮೆ ಕರೆಯುವಳು. ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವ ತನಕ ಮಾತ್ರ ಬಾಯಿ ಮುಚ್ಚಿಕೊಂಡು ಮೀಸುವಳು.

“ನಾವು ಕರದ್ರೆ ಜೀವ ಇತ್ಲಾಗೆ ತಿರುಗ್ತದೆ. ಇಲ್ದಿದ್ರೆ ಬೇರೆ ಯಾರಾದ್ರೂ ಕರೀತಾರೆ.”

ಯಾರು ಎಂದು ಕೇಳಿದರೆ ಒಲೆಗೆ ಇನ್ನೊಂದು ಸೌದೆ ದೂಡುವಳು.

ನನಗೆ ಮೊಮ್ಮಗಳು ಹುಟ್ಟಿದಾಗ ಯಲ್ಲಾಪುರದ ನಮ್ಮ ಓಣಿಗೆಲ್ಲ ಸಕ್ಕರೆ ಹಂಚಿದೆ. ಅದರ ಕಿವಿ ನೋಡಿ, ಉಗುರು ನೋಡಿ ನನಗೆ ಹಸಿವೇ ಮರೆತುಹೋಗಿತ್ತು. ಕೂಸನ್ನು ಮೀಸಲಿಕ್ಕೆ ಗಂಗಕ್ಕನನ್ನೇ ಕರೆಸಿದೆ.

ಹೆಸರೊಂದು ಮಾತ್ರ ಆಗಲಿಲ್ಲ. ಮಗ ಮತ್ತು ಸೊಸೆ ವೀಣಾ ಮೊಬೈಲಿನಲ್ಲಿ ಹುಡುಕುವರು. ಸಂಜೆ ಒಪ್ಪಿದ್ದು ಬೆಳಿಗ್ಗೆ ಹಳತಾಗುವುದು. “ಇದಕ್ಕಿಂತ ಚಲೋದು ಆಮೇಲೆ ಸಿಕ್ಕರೆ ಎಂತ ಮಾಡೋದು ಅತ್ತೆ?” ಎನ್ನುವಳು ವೀಣಾ. ಮೊದಮೊದಲು ನಗುತ್ತ ಹುಡುಕಿದವರು ಬರಬರುತ್ತ ಒಬ್ಬರಿಗೊಬ್ಬರು ಮುಖ ಕೊಡದಾದರು. ಹನ್ನೆರಡನೇ ದಿನ ಕಳೆಯಿತು, ತಿಂಗಳೂ ಕಳೆಯಿತು. ಬಚ್ಚಲಲ್ಲಿ ನೀರು ಬೀಳುವ ಸದ್ದು ಬಿಟ್ಟರೆ ಗಂಗಕ್ಕನ ದನಿ ಇಲ್ಲ. ನಾನು ಬಚ್ಚಲ ಬಾಗಿಲಿಗೆ ಬಂದು ಕಿವಿಗೊಟ್ಟು ನಿಲ್ಲುತ್ತಿದ್ದೆ.

ಆಮೇಲೆ ಕೂಸಿಗೆ ಜ್ವರ ಬಂತು. ಶಿರಸಿಯ ಆಸ್ಪತ್ರೆಯಲ್ಲಿ ಅದರ ಕೈಗೆ ಗುರುತಿನ ಪಟ್ಟಿ ಕಟ್ಟಿದ್ದರು. ನೋಡಲು ಬಂದ ಗಂಗಕ್ಕ ಅದರಲ್ಲಿ ಬರೆದದ್ದು ಎಂತ ಎಂದು ಕೇಳಿದಳು. ವೀಣಾಳ ಮಗು ಎಂದು ಮಗ ಓದಿದ.

“ಇದು ತಾಯಿ ಹೆಸರಾಯ್ತು ತಮ್ಮಾ. ಕೂಸಿಂದು ಎಲ್ಲಿ?”

ಆಗ ಅವಳು ಎಂದೂ ಹೇಳದ್ದು ಹೇಳಿದಳು.

“ನಂಗೂ ಒಂದು ಕೂಸಿತ್ತು. ಅತ್ತೆ ಒಂದು ಹೆಸರು ಹೇಳ್ದ್ರು, ಅಪ್ಪ ಒಂದು ಹೇಳ್ದ, ಗಂಡ ಮತ್ತೊಂದು. ಎಲ್ಲ ಚಲೋ ಹೆಸರೇ. ಆರಿಸ್ತಾ ಇರುವಾಗ್ಲೇ ಹೋಯ್ತು. ಕರ್ದು ಅಳೂಕಾದ್ರೂ ಒಂದು ಹೆಸರು ಬೇಕಲ್ಲ ತಂಗಿ.”

ವೀಣಾ ಮೊಬೈಲು ತಲೆದಿಂಬಿನ ಕೆಳಗೆ ತುರುಕಿ, ಬಾಗಿ, ಕೂಸಿನ ಕಿವಿಯಲ್ಲಿ “ಗೌರಿ” ಎಂದಳು. ಬಾಯಿಗೆ ಬಂದ ಹೆಸರು. ಜ್ವರ ಔಷಧಿಗೇ ಇಳಿದಿರಬೇಕು. ಮನೆಗೆ ಬಂದ ಮೇಲೆ ಬಚ್ಚಲಿಂದ “ಗೌರೀ” ಎಂದು ಗಂಗಕ್ಕನ ದನಿ ಕೇಳಿದಾಗ ನಾನು ಅತ್ತೇಬಿಟ್ಟೆ.

ಈಗ ಗೌರಿ ಅಂಬೆಗಾಲಿಡುತ್ತಾಳೆ. ಹೋದ ತಿಂಗಳು ಗಂಗಕ್ಕ ಹಾಸಿಗೆ ಹಿಡಿದಳೆಂದು ತಿಳಿದು, ಮೊಮ್ಮಗಳನ್ನು ಎತ್ತಿಕೊಂಡು ಇಡಗುಂದಿಗೆ ಹೋದೆ. ಅವಳಿಗೆ ನಮ್ಮ ಗುರುತು ಹತ್ತಲಿಲ್ಲ. ಬಾಗಿಲನ್ನೇ ನೋಡುತ್ತಿದ್ದಳು. ಅಲ್ಲಿ ಯಾರೂ ಇರಲಿಲ್ಲ.

“ನನ್ನ ಕೂಸು ಆಗಿಂದ ಬಂದು ನಿಂತದೆ,” ಎಂದಳು. “ಎಂತ ಅಂತ ಕರೀಲಿ?”

ಅದೇ ಕಡೆಯ ಭೇಟಿ. ಗೌರಿಯೂ ಬಾಗಿಲ ಕಡೆ ನೋಡಿ ಕೈ ಚಾಚಿದಳು. ನಾನು ಅವಳನ್ನು ಎದೆಗೆ ಒತ್ತಿಕೊಂಡು, ಆ ಹೊಸ್ತಿಲು ದಾಟಿ ಬಸ್ಸು ಹತ್ತುವ ತನಕ ಹೆಸರು ಹಿಡಿದು ಕರೆಯುತ್ತಲೇ ಬಂದೆ.